ನಕ್ಷತ್ರಗಳ ಹುಟ್ಟು ಏಕೆ ಇಷ್ಟು ನಿಧಾನ?



ಸಂಜೆ ಹೊತ್ತು ಸಭೆ ಸೇರಿ ವಿಜ್ಞಾನದ ಮಾತು ಕೇಳುವುದು ಬೆಂಗಳೂರಿನ ಈ ವಿಶ್ವೇಶ್ವರಪುರಂ ಭಾಗದ ಜನರಿಗೆ ಹೊಸ ಅಭ್ಯಾಸವಲ್ಲ. ಇಲ್ಲಿಂದ ನಡೆದೇ ಹೋಗಬಹುದಾದ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪಬಾರದು ಎಂಬುದು ಅವರು ಬದುಕಿನುದ್ದಕ್ಕೂ ಹಿಡಿದ ಹಾದಿ. ಇಂದಿನ ಉಪನ್ಯಾಸವನ್ನೂ ಅದೇ ಹಾದಿಯಲ್ಲಿ ಸಿದ್ಧಪಡಿಸಿದ್ದೇನೆ. ಒಂದು ವಾದವನ್ನು ನಿಮ್ಮ ಮುಂದಿಟ್ಟು, ಅದಕ್ಕೆ ಪುರಾವೆ ಕೊಟ್ಟು, ಅದರ ವಿರುದ್ಧ ಎತ್ತಬಹುದಾದ ಆಕ್ಷೇಪಗಳನ್ನು ನಾನೇ ಎತ್ತಿ ಉತ್ತರಿಸಲು ಪ್ರಯತ್ನಿಸುತ್ತೇನೆ.

ವಿಷಯ, ನೀಹಾರಿಕೆಗಳಲ್ಲಿಯೂ ಗ್ಯಾಲಕ್ಸಿಗಳಲ್ಲಿಯೂ ಹೊಸ ನಕ್ಷತ್ರಗಳು ಹುಟ್ಟುವ ಬಗೆ. ನೀಹಾರಿಕೆಗಳ ವರ್ಣಚಿತ್ರಗಳು ಎಲ್ಲರ ಕೈಗೂ ಸಿಗುವ ಕಾಲವಿದು; ಅವುಗಳ ಚೆಲುವನ್ನು ಬಣ್ಣಿಸಲು ಉಪನ್ಯಾಸವೇ ಬೇಕಿಲ್ಲ. ಆ ಚಿತ್ರಗಳನ್ನು ನೋಡುವಾಗ ನಮ್ಮ ಮನಸ್ಸಿನಲ್ಲಿ ಒಂದು ಅಭಿಪ್ರಾಯ ತಾನೇ ತಾನಾಗಿ ಬೇರೂರುತ್ತದೆ: ಅನಿಲದ ದೊಡ್ಡ ಮೋಡವಿದ್ದರೆ ಸಾಕು, ಗುರುತ್ವ ಅದನ್ನು ಒಳಕ್ಕೆ ಎಳೆಯುತ್ತದೆ, ನಕ್ಷತ್ರ ಹುಟ್ಟುತ್ತದೆ. ಈ ಅಭಿಪ್ರಾಯ ಅರ್ಧ ಸತ್ಯ ಎಂಬುದು ನನ್ನ ವಾದ. ಅನಿಲ ನಕ್ಷತ್ರವಾಗುವುದು ಬಹು ಕಷ್ಟದಿಂದ. ಅದನ್ನು ತಡೆಯುವ ಕಾರಣಗಳೇ ಹೆಚ್ಚು. ಆ ತಡೆ ಇದ್ದುದರಿಂದಲೇ ವಿಶ್ವಕ್ಕೆ 1,380 ಕೋಟಿ ವರ್ಷ ವಯಸ್ಸಾದ ಮೇಲೂ ನಕ್ಷತ್ರಗಳು ಹುಟ್ಟುತ್ತಿವೆ. ಪುರಾವೆಗಳನ್ನು ಸಾಧ್ಯವಾದ ಕಡೆಯೆಲ್ಲ ಬೆಂಗಳೂರಿನ ಸಂಸ್ಥೆಗಳ ಕೆಲಸದಿಂದಲೇ ಆಯ್ದುಕೊಂಡಿದ್ದೇನೆ. ಈ ಊರಿನಲ್ಲಿ ನಡೆದ ಕೆಲಸ ಈ ಊರಿನವರಿಗೇ ಕನ್ನಡದಲ್ಲಿ ತಲುಪಿದ್ದು ಕಡಿಮೆ ಎಂಬ ಕೊರಗು ನನಗಿದೆ.

ಮೊದಲು ನಕ್ಷತ್ರ ಹುಟ್ಟುವ ಜಾಗದ ಪರಿಚಯ ಮಾಡಿಕೊಳ್ಳೋಣ. ಚಳಿಗಾಲದ ಸಂಜೆ ಪೂರ್ವದಲ್ಲಿ ಏಳುವ ಮಹಾವ್ಯಾಧ ನಕ್ಷತ್ರಪುಂಜ ನಿಮಗೆ ಗೊತ್ತಿದೆ. ಆರ್ದ್ರಾ ನಕ್ಷತ್ರ ಇರುವುದು ಅದರಲ್ಲೇ. ವ್ಯಾಧನ ಸೊಂಟಪಟ್ಟಿಯ ಮೂರು ಚುಕ್ಕಿಗಳ ಕೆಳಗೆ ತೂಗುವ ಕತ್ತಿಯ ನಡುವಿನ ಚುಕ್ಕಿ ಸ್ವಲ್ಪ ಮಸುಕಾಗಿ ಕಾಣುತ್ತದೆ. ಅದೇ ಒರಾಯನ್ ನೀಹಾರಿಕೆ. ಸುಮಾರು 1,350 ಜ್ಯೋತಿರ್ವರ್ಷ ದೂರದಲ್ಲಿರುವ ಇದು ದೊಡ್ಡ ನಕ್ಷತ್ರಗಳು ಹುಟ್ಟುತ್ತಿರುವ ತಾಣಗಳಲ್ಲಿ ನಮಗೆ ಅತಿ ಸಮೀಪದ್ದು. ಆದರೆ ಅಲ್ಲಿ ಹೊಳೆಯುವ ಭಾಗ ಹುಟ್ಟಿನ ಮನೆಯಲ್ಲ. ಆಗಲೇ ಹುಟ್ಟಿರುವ ಕೆಲವು ಬಿಸಿ ನಕ್ಷತ್ರಗಳ ನೇರಳಾತೀತ ಕಿರಣ ತಾಗಿ ಬೆಳಗುತ್ತಿರುವ ತೆಳುವಾದ ಹೊರಪದರ ಅದು. ಅದರ ಹಿಂದೆ, ಕಣ್ಣಿಗೆ ಏನೇನೂ ಕಾಣದಂತೆ, ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ ಕತ್ತಲೆಯ ಮೋಡವಿದೆ. ಹೊಸ ನಕ್ಷತ್ರಗಳ ಹುಟ್ಟು ನಡೆಯುವುದು ಆ ಕತ್ತಲೆಯಲ್ಲಿ. ಅಲ್ಲಿನ ಉಷ್ಣತೆ ಸೊನ್ನೆಗಿಂತ ಸುಮಾರು 263 ಡಿಗ್ರಿ ಸೆಲ್ಸಿಯಸ್ ಕೆಳಗೆ. ಬೆಂಕಿಯುಂಡೆಯಂಥ ನಕ್ಷತ್ರ ರೂಪುಗೊಳ್ಳಲು ವಿಶ್ವದ ಅತ್ಯಂತ ತಣ್ಣನೆಯ ಜಾಗಗಳಲ್ಲೊಂದು ಬೇಕು, ಏಕೆಂದರೆ ಬಿಸಿ ಅನಿಲ ಉಬ್ಬುತ್ತದೆ, ತಣ್ಣನೆಯದು ಮಾತ್ರ ಕುಗ್ಗಲು ಒಪ್ಪುತ್ತದೆ. ಇನ್ನು ದಟ್ಟಣೆಯ ಮಾತು. ಈ ಮೋಡಗಳ ಅತ್ಯಂತ ದಟ್ಟ ತಿರುಳಿನಲ್ಲಿ ಒಂದು ಘನ ಸೆಂಟಿಮೀಟರಿಗೆ ಹತ್ತು ಸಾವಿರದಿಂದ ಒಂದು ಲಕ್ಷ ಅಣುಗಳಿರುತ್ತವೆ. ಈ ಸಭಾಂಗಣದ ಗಾಳಿಯಲ್ಲಿ ಅಷ್ಟೇ ಜಾಗದಲ್ಲಿ 2ರ ಮುಂದೆ 19 ಸೊನ್ನೆ ಬರೆದಷ್ಟು ಅಣುಗಳಿವೆ. ಮೋಡ ಎಂದು ನಾವು ಕರೆಯುವುದು ಭೂಮಿಯ ಮೇಲಿನ ಲೆಕ್ಕದಲ್ಲಿ ಬಹುಪಾಲು ನಿರ್ವಾತ. ಅದು ಮೋಡವಾಗುವುದು ತನ್ನ ಅಗಾಧ ವಿಸ್ತಾರದಿಂದ.

ಈ ಮೋಡಗಳ ಮುಖ್ಯ ವಸ್ತು ಹೈಡ್ರೋಜನ್ ಅಣು. ಅಷ್ಟು ಚಳಿಯಲ್ಲಿ ಅದು ಯಾವ ಸೂಚನೆಯನ್ನೂ ಹೊರಗೆ ಕಳುಹಿಸುವುದಿಲ್ಲ. ಜೊತೆಗಿರುವ ದೂಳು, ತೂಕದಲ್ಲಿ ನೂರಕ್ಕೆ ಒಂದು ಪಾಲಷ್ಟೇ ಆದರೂ, ಬೆಳಕನ್ನು ಸಂಪೂರ್ಣ ಮುಚ್ಚಿಬಿಡುತ್ತದೆ. ಹಾಗಾದರೆ ಅಳೆಯುವುದು ಹೇಗೆ? ದಾರಿ ತೋರಿಸಿದ್ದು ಕಾರ್ಬನ್ ಮಾನಾಕ್ಸೈಡ್. ಹೈಡ್ರೋಜನ್ ಜೊತೆ ತೀರ ಅಲ್ಪ ಪ್ರಮಾಣದಲ್ಲಿ ಬೆರೆತಿರುವ ಈ ಅಣು 2.6 ಮಿಲಿಮೀಟರ್ ತರಂಗಾಂತರದಲ್ಲಿ ರೇಡಿಯೋ ಅಲೆಗಳನ್ನು ಹೊರಸೂಸುತ್ತದೆ. ಆ ಅಲೆಗಳನ್ನು ದೂಳು ತಡೆಯಲಾರದು. 1970ರಲ್ಲಿ ಅಮೆರಿಕದ ವಿಲ್ಸನ್, ಜೆಫರ್ಟ್ಸ್, ಪೆಂಜಿಯಾಸ್ ಅದನ್ನು ಮೊದಲು ಹಿಡಿದದ್ದು ಇದೇ ಒರಾಯನ್ ಮೋಡದಲ್ಲಿ. ಮುಂದೆ ಇದನ್ನು ಆಲಿಸುವ ಕಿವಿಯೊಂದು ನಮ್ಮ ಊರಿಗೂ ಬಂತು. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಗೆ 1972ರಲ್ಲಿ ನಿರ್ದೇಶಕರಾಗಿ ಬಂದ ವಿ. ರಾಧಾಕೃಷ್ಣನ್ ಅಲ್ಲಿ ರೇಡಿಯೋ ಖಗೋಳ ವಿಜ್ಞಾನಕ್ಕೆ ನೆಲೆ ಒದಗಿಸಿದರು. ಸಂಸ್ಥೆಯ ಆವರಣದಲ್ಲೇ 10.4 ಮೀಟರ್ ವ್ಯಾಸದ ಮಿಲಿಮೀಟರ್ ತರಂಗ ದೂರದರ್ಶಕ ಎದ್ದು ನಿಂತಿತು. ಇಷ್ಟು ಕಿರಿದಾದ ಅಲೆಗಳಿಗೆ ತಟ್ಟೆಯ ಮೈ ಒಂದು ಮಿಲಿಮೀಟರಿನಷ್ಟು ಆಚೀಚೆಯಾದರೂ ಕೆಲಸ ಕೆಡುತ್ತದೆ. ಹತ್ತು ಮೀಟರಿನುದ್ದಕ್ಕೂ ತಪ್ಪು ಮಿಲಿಮೀಟರಿನ ಸಣ್ಣದೊಂದು ಭಾಗದೊಳಗೇ ಇರಬೇಕು. ಗಾಳಿಯ ನೀರಾವಿಯೂ ಈ ಅಲೆಗಳನ್ನು ನುಂಗುತ್ತದೆ, ಆದ್ದರಿಂದ ಒಣಹವೆಯ ತಿಂಗಳುಗಳೇ ಅನುಕೂಲ. ಈ ದೂರದರ್ಶಕ ಮಾಡಿದ ಒಂದು ಕೆಲಸಕ್ಕೆ ಸ್ವಲ್ಪ ಹೊತ್ತಿನಲ್ಲೇ ಬರುತ್ತೇನೆ.

ಈಗ ಲೆಕ್ಕದ ಕಡೆ ತಿರುಗೋಣ, ನನ್ನ ವಾದದ ಬುಡ ಇರುವುದು ಅಲ್ಲಿ. ಅನಿಲದ ಮೋಡವೊಂದು ಯಾವಾಗ ಕುಸಿಯುತ್ತದೆ ಎಂಬ ನಿಯಮವನ್ನು 1902ರಲ್ಲಿ ಇಂಗ್ಲೆಂಡಿನ ಜೇಮ್ಸ್ ಜೀನ್ಸ್ ಕೊಟ್ಟರು. ಒಳಗಿನ ಶಾಖದ ಒತ್ತಡ ಹೊರಕ್ಕೆ ತಳ್ಳುತ್ತದೆ, ಗುರುತ್ವ ಒಳಕ್ಕೆ ಎಳೆಯುತ್ತದೆ. ಮೋಡದ ದ್ರವ್ಯರಾಶಿ ಒಂದು ಮಿತಿ ಮೀರಿದರೆ ಗುರುತ್ವದ ಕೈ ಮೇಲಾಗುತ್ತದೆ. ನಾವು ಹೇಳುತ್ತಿರುವ ತಣ್ಣನೆಯ ತಿರುಳುಗಳಿಗೆ ಈ ಮಿತಿ ಕೆಲವೇ ಸೂರ್ಯರಷ್ಟು. ದೈತ್ಯ ಮೋಡಗಳಾದರೋ ಹತ್ತು ಸಾವಿರದಿಂದ ಹತ್ತು ಲಕ್ಷ ಸೂರ್ಯರಷ್ಟು ತೂಗುತ್ತವೆ. ಜೀನ್ಸ್ ನಿಯಮ ಒಂದೇ ಇದ್ದಿದ್ದರೆ ಅವೆಲ್ಲ ಕುಸಿದು ನಕ್ಷತ್ರಗಳಾಗಿ ಎಂದೋ ಮುಗಿದುಹೋಗಬೇಕಿತ್ತು. ನಮ್ಮ ಆಕಾಶಗಂಗೆಯಲ್ಲಿ ಇಂಥ ಅಣುಮೋಡಗಳ ಒಟ್ಟು ದ್ರವ್ಯರಾಶಿ ಸುಮಾರು 100 ಕೋಟಿ ಸೂರ್ಯರಷ್ಟು. ತಡೆಯೇ ಇಲ್ಲದೆ ಬಿದ್ದರೆ ಒಂದು ಮೋಡ ಕುಸಿಯಲು ಬೇಕಾಗುವ ಕಾಲ ಸುಮಾರು 50 ಲಕ್ಷ ವರ್ಷ. ಭಾಗಿಸಿದರೆ ವರ್ಷಕ್ಕೆ 200 ಸೂರ್ಯರಷ್ಟು ವಸ್ತು ನಕ್ಷತ್ರವಾಗಬೇಕು. ವಾಸ್ತವದಲ್ಲಿ ಆಗುತ್ತಿರುವುದು ಸುಮಾರು ಎರಡು ಸೂರ್ಯರಷ್ಟು. ನೂರಕ್ಕೆ ಒಂದು! 1970ರ ದಶಕದ ಮಧ್ಯಭಾಗದಲ್ಲೇ ಖಗೋಳ ವಿಜ್ಞಾನಿಗಳು ಈ ವ್ಯತ್ಯಾಸದತ್ತ ಬೊಟ್ಟು ಮಾಡಿದರು. ಅಳತೆಗಳು ಸೂಕ್ಷ್ಮವಾಗುತ್ತ ಬಂದ ಹಾಗೆ ಈ ಅಂತರ ಕರಗಲಿಲ್ಲ, ಗಟ್ಟಿಯಾಯಿತು.

ಇದು ಸರಾಸರಿಯ ಮಾತು, ಒಂದೊಂದು ಮೋಡವನ್ನು ನೋಡಿದರೆ ಬೇರೆ ಕಂಡೀತು ಎಂದು ಯಾರಾದರೂ ಹೇಳಬಹುದು. ಅದಕ್ಕೆ ಉತ್ತರವಾಗಿ ಆಕಾಶಗಂಗೆಯ ಕೇಂದ್ರದ ಬಳಿ, ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿರುವ ಒಂದು ಮೋಡವನ್ನು ತೋರಿಸುತ್ತೇನೆ. ಅದರ ಆಕಾರದಿಂದಾಗಿ ವಿಜ್ಞಾನಿಗಳು ಅದನ್ನು 'ಇಟ್ಟಿಗೆ' ಎಂದೇ ಕರೆಯುತ್ತಾರೆ. ಒಂದು ಲಕ್ಷಕ್ಕೂ ಮೀರಿದ ಸೂರ್ಯರಷ್ಟು ಅನಿಲ ಸಣ್ಣ ಜಾಗದಲ್ಲಿ ಒತ್ತಾಗಿ ಸೇರಿದೆ. ತಣ್ಣಗಿದೆ, ದಟ್ಟವಾಗಿದೆ, ಬೇಕಾದುದೆಲ್ಲ ಇದೆ. ಆದರೂ ಅದರೊಳಗೆ ನಕ್ಷತ್ರ ಹುಟ್ಟುತ್ತಿರುವ ಗುರುತುಗಳು ಬಹು ವಿರಳ. ಅನಿಲ ಇದ್ದ ಮಾತ್ರಕ್ಕೆ ನಕ್ಷತ್ರ ಎಂಬ ನಂಬಿಕೆಗೆ ಇದಕ್ಕಿಂತ ನೇರವಾದ ವಿರೋಧ ಸಾಕ್ಷಿ ಸಿಗುವುದು ಕಷ್ಟ.

ತಡೆಯುತ್ತಿರುವುದು ಯಾವುದು? ಇಲ್ಲಿ ಒಂದೇ ಕಾರಣ ಹುಡುಕಿದವರೆಲ್ಲ ಸೋತಿದ್ದಾರೆ. ಮೊದಲನೆಯದು ಮೋಡದೊಳಗಿನ ಪ್ರಕ್ಷುಬ್ಧತೆ. ಅನಿಲ ಅಲ್ಲಿ ಸುಮ್ಮನೆ ಕೂತಿಲ್ಲ. ಶಬ್ದದ ವೇಗ ಮೀರಿ ಸುಳಿಯಾಗಿ, ಅಲೆಯಾಗಿ ಒಂದಕ್ಕೊಂದು ಬಡಿಯುತ್ತಿರುತ್ತದೆ. ಈ ಚಲನೆ ಕೆಲವು ಕಡೆ ಅನಿಲವನ್ನು ಒತ್ತಿ ತಿರುಳುಗಳನ್ನು ಮಾಡುತ್ತದೆ, ಉಳಿದ ಕಡೆಯೆಲ್ಲ ಚದುರಿಸುತ್ತದೆ. ಎರಡನೆಯದು ಕಾಂತಕ್ಷೇತ್ರ. ಮೋಡವನ್ನು ಹೆಣೆದುಕೊಂಡ ಕಾಂತರೇಖೆಗಳು ಅನಿಲವನ್ನು ಅಡ್ಡಡ್ಡವಾಗಿ ಕುಗ್ಗಲು ಬಿಡುವುದಿಲ್ಲ. ಅಷ್ಟು ದೂರದ ಕಾಂತಕ್ಷೇತ್ರದ ಬಲವನ್ನು ಅಂದಾಜು ಮಾಡುವ ವಿಧಾನವೊಂದನ್ನು 1953ರಲ್ಲಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಮತ್ತು ಎನ್ರಿಕೋ ಫರ್ಮಿ ಒಟ್ಟಾಗಿ ಕೊಟ್ಟರು. ದೂಳಿನ ಮೂಲಕ ಬರುವ ನಕ್ಷತ್ರಬೆಳಕಿನ ಧ್ರುವೀಕರಣದ ದಿಕ್ಕು ಎಷ್ಟು ಒಪ್ಪವಾಗಿದೆ, ಎಷ್ಟು ಚೆದುರಿದೆ ಎಂಬುದೇ ಅದರ ಕೀಲಿ. ಕಾಂತರೇಖೆಗಳು ಬಿಗಿಯಾಗಿದ್ದರೆ ದಿಕ್ಕುಗಳು ಒಂದೇ ಕಡೆಗೆ ಇರುತ್ತವೆ. ಸಡಿಲವಾಗಿದ್ದರೆ ಪ್ರಕ್ಷುಬ್ಧತೆ ಅವನ್ನು ತಿರುಚಿಬಿಡುತ್ತದೆ. ಇಂದಿಗೂ ಆ ವಿಧಾನ ಬಳಕೆಯಲ್ಲಿದೆ. ಮೂರನೆಯದು ಭ್ರಮಣೆ. ಕುಗ್ಗಿದಷ್ಟೂ ತಿರುಗುವ ವೇಗ ಹೆಚ್ಚುವುದರಿಂದ ಅನಿಲ ನೇರವಾಗಿ ನಡುವಿಗೆ ಬೀಳಲಾರದೆ ತಟ್ಟೆಯಾಗಿ ಹರಡಿಕೊಳ್ಳುತ್ತದೆ. ಮುಂದೆ ಗ್ರಹಗಳಾಗುವುದು ಆ ತಟ್ಟೆಯೇ ಆದ್ದರಿಂದ, ಈ ಅಡ್ಡಿಗೆ ನಾವು ಋಣಿಗಳು.

ಎಲ್ಲಕ್ಕಿಂತ ಬಲವಾದ ತಡೆ ನಕ್ಷತ್ರಗಳಿಂದಲೇ ಬರುತ್ತದೆ. ಮೋಡದ ಒಂದು ಮೂಲೆಯಲ್ಲಿ ಸೂರ್ಯನಿಗಿಂತ ಹತ್ತಾರು ಪಟ್ಟು ದೊಡ್ಡ ನಕ್ಷತ್ರಗಳು ಹುಟ್ಟಿದವೆನ್ನಿ. ಅವುಗಳ ನೇರಳಾತೀತ ಕಿರಣ ಸುತ್ತಲಿನ ಅನಿಲವನ್ನು ಹತ್ತು ಸಾವಿರ ಡಿಗ್ರಿಗೆ ಕಾಯಿಸುತ್ತದೆ, ಅವುಗಳ ಮೈಯಿಂದ ಹೊರಡುವ ಮಾರುತ ಅದನ್ನು ಗುಡಿಸಿ ಹಾಕುತ್ತದೆ. ಒರಾಯನ್ ನೀಹಾರಿಕೆ ಕಣ್ಣಿಗೆ ಕಾಣುವುದೇ ಈ ವಿನಾಶ ನಡೆಯುತ್ತಿರುವುದರಿಂದ. ನಾವು ಮೆಚ್ಚಿ ನೋಡುವ ಹೊಳಪು ಮೋಡ ಹರಿದುಹೋಗುತ್ತಿರುವ ಹೊಳಪು. ದೈತ್ಯ ಮೋಡವೊಂದು ತನ್ನ ಅನಿಲದ ನೂರಕ್ಕೆ ಕೆಲವು ಪಾಲನ್ನಷ್ಟೇ ನಕ್ಷತ್ರವಾಗಿಸಿ, ಉಳಿದದ್ದನ್ನು ಅಂತರಿಕ್ಷಕ್ಕೆ ಹಿಂದಿರುಗಿಸಿ ಕರಗುತ್ತದೆ.

ಇಲ್ಲಿಗೆ ನನ್ನ ವಾದದ ಮೊದಲ ಭಾಗ ಮುಗಿಯಿತು. ಇನ್ನು ಆಕ್ಷೇಪಗಳು. ಮೊದಲನೆಯದು ನರಸಿಂಹಯ್ಯನವರ ಶಿಷ್ಯರು ಕೇಳಬಹುದಾದದ್ದು: ನಕ್ಷತ್ರದ ಹುಟ್ಟಿಗೆ ಲಕ್ಷ, ಕೋಟಿ ವರ್ಷಗಳು ಬೇಕು, ಅದನ್ನು ಯಾರೂ ಕಂಡಿಲ್ಲ, ಕಾಣದ್ದನ್ನು ಹೀಗೇ ಎಂದು ಹೇಗೆ ಹೇಳುತ್ತೀರಿ? ಇದಕ್ಕೆ ವಿಲಿಯಂ ಹರ್ಷೆಲ್ 18ನೇ ಶತಮಾನದಲ್ಲೇ ಉತ್ತರ ಕೊಟ್ಟಿದ್ದರು. ಆಕಾಶ ಒಂದು ಸಮೃದ್ಧ ತೋಟದ ಹಾಗೆ ಎಂದರು ಅವರು. ನಮ್ಮ ಪಕ್ಕದ ಲಾಲ್‌ಬಾಗ್‌ಗೆ ಒಂದು ಮಧ್ಯಾಹ್ನ ಹೋದವರು ಮರವೊಂದು ಬೆಳೆಯುವುದನ್ನು ನೋಡಲಾರರು. ಆದರೆ ಮೊಳಕೆ, ಸಸಿ, ಎಳೆಮರ, ಹೆಮ್ಮರ, ಒಣಗಿ ನಿಂತ ಕಾಂಡ ಎಲ್ಲವನ್ನೂ ಒಟ್ಟಿಗೆ ನೋಡಿ ಮರದ ಬಾಳನ್ನು ಅರಿಯಬಲ್ಲರು. ಆಕಾಶದಲ್ಲೂ ಬೇರೆ ಬೇರೆ ಹಂತಗಳ ಸಾವಿರಾರು ಉದಾಹರಣೆಗಳು ಒಟ್ಟಿಗೆ ಕಾಣಸಿಗುತ್ತವೆ. ಈ ಉತ್ತರ ಸರಿಯಾದದ್ದೇ. ಆದರೂ ಅಷ್ಟಕ್ಕೇ ನಿಲ್ಲಬೇಕಿಲ್ಲ, ಏಕೆಂದರೆ ಶಿಶುನಕ್ಷತ್ರಗಳು ಕೆಲವೊಮ್ಮೆ ನಮ್ಮ ಆಯುಸ್ಸಿನೊಳಗೇ ಬದಲಾಗುತ್ತವೆ. 2004ರ ಜನವರಿಯಲ್ಲಿ ಅಮೆರಿಕದ ಹವ್ಯಾಸಿ ವೀಕ್ಷಕ ಜೇ ಮೆಕ್ನೀಲ್, ಮೂರು ಅಂಗುಲದ ಸಣ್ಣ ದೂರದರ್ಶಕದಿಂದ ತೆಗೆದ ಚಿತ್ರದಲ್ಲಿ, ಮಹಾವ್ಯಾಧನಲ್ಲಿ ಹಿಂದೆ ಇಲ್ಲದಿದ್ದ ಒಂದು ನೀಹಾರಿಕೆಯನ್ನು ಕಂಡರು. ಅದರ ಬುಡದಲ್ಲಿ ವಿ1647 ಒರಾಯನಿಸ್ ಎಂಬ ಎಳೆಯ ನಕ್ಷತ್ರವಿತ್ತು. ಸುತ್ತಲಿನ ತಟ್ಟೆಯಿಂದ ಒಮ್ಮೆಗೇ ಹೆಚ್ಚು ಅನಿಲ ಅದರ ಮೇಲೆ ಸುರಿದು, ಅದು ಭುಗಿಲೆದ್ದು, ಪಕ್ಕದ ದೂಳನ್ನು ಬೆಳಗಿಸಿತ್ತು. ಎರಡು ವರ್ಷಗಳಲ್ಲಿ ಆರಿತು. 2008ರಲ್ಲಿ ಮತ್ತೆ ಹೊತ್ತಿಕೊಂಡಿತು.

ಈ ನಕ್ಷತ್ರವನ್ನು ವರ್ಷಗಳ ಕಾಲ ಗಮನಿಸಿದವರಲ್ಲಿ ಭಾರತದ ವಿಜ್ಞಾನಿಗಳೂ ಇದ್ದರು. ಅವರು ಬಳಸಿದ ಮುಖ್ಯ ಸಾಧನ ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕ. ಆಗ ಹೇಳಿದ ಚಂದ್ರಶೇಖರ್ ಅವರ ಹೆಸರೇ ಅದಕ್ಕಿದೆ. ಅದನ್ನು ನಡೆಸುವವರು ಹಿಮದ ನಡುವೆ ಕೂತಿರುವುದಿಲ್ಲ. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಹೊಸಕೋಟೆ ಕೇಂದ್ರದಿಂದ ಉಪಗ್ರಹ ಸಂಪರ್ಕದ ಮೂಲಕ ಅದನ್ನು ತಿರುಗಿಸಿ ಚಿತ್ರ ಪಡೆಯುತ್ತಾರೆ. ಈ ನಕ್ಷತ್ರ ನಮ್ಮ ವಾದಕ್ಕೆ ಒಂದು ಹೊಸ ಅಂಶ ಸೇರಿಸುತ್ತದೆ. ಮೋಡ ಕುಸಿದು ತಟ್ಟೆಯಾದ ಮೇಲೂ ಅನಿಲ ನಕ್ಷತ್ರದ ಮೇಲೆ ಸರಾಗವಾಗಿ ಹರಿಯುವುದಿಲ್ಲ. ತಟ್ಟೆಯಲ್ಲೇ ತಡೆದು ನಿಂತು, ರಾಶಿಯಾಗಿ, ಕಟ್ಟೆಯೊಡೆದಂತೆ ಸುರಿಯುತ್ತದೆ. ಕೊನೆಯ ಹೆಜ್ಜೆಯಲ್ಲೂ ತಡೆ ತಪ್ಪಿದ್ದಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು, ಅದಕ್ಕೆ ಹೆಚ್ಚು ಹೊತ್ತು ಕೊಡಬೇಕಾಗಿದೆ. ದೊಡ್ಡ ನಕ್ಷತ್ರ ಸಿಡಿದಾಗ ಹೊರಡುವ ಆಘಾತ ಪಕ್ಕದ ಮೋಡವನ್ನು ಒತ್ತಿ ಹೊಸ ನಕ್ಷತ್ರಗಳಿಗೆ ಜನ್ಮ ಕೊಡುತ್ತದೆ ಎಂದು ಪುಸ್ತಕಗಳಲ್ಲಿ ಓದುತ್ತೇವೆ. ಸಾವಿನಿಂದ ಹುಟ್ಟು ಎಂಬ ಈ ಮಾತು ನಮ್ಮ ಮನಸ್ಸಿಗೆ ತಟ್ಟನೆ ಹಿಡಿಸುತ್ತದೆ. ಇದು ನಿಜವಾದರೆ ಒಂದು ಹುಟ್ಟು ಇನ್ನೊಂದಕ್ಕೆ ಕಾರಣವಾಗಿ ಸರಪಳಿ ಬೆಳೆಯಬೇಕು, ನಾನು ಹೇಳಿದ ನಿಧಾನ ಉಳಿಯಬಾರದು. ಈ ಪ್ರಶ್ನೆಯನ್ನು ಪರೀಕ್ಷಿಸಲು ಅತ್ಯುತ್ತಮ ಜಾಗಗಳಲ್ಲೊಂದು ದಕ್ಷಿಣ ಆಕಾಶದ ಗಮ್ ನೀಹಾರಿಕೆ. ಆಸ್ಟ್ರೇಲಿಯಾದ ಕಾಲಿನ್ ಗಮ್ 1950ರ ದಶಕದಲ್ಲಿ ಗುರುತಿಸಿದ ಇದು ವೇಲಾ ಮತ್ತು ಪಪ್ಪಿಸ್ ನಕ್ಷತ್ರಪುಂಜಗಳ ಉದ್ದಗಲಕ್ಕೂ ಹರಡಿಕೊಂಡ ಮಂಕು ಬೆಳಕು. ಯುರೋಪಿನ ಬಹುಪಾಲು ವೀಕ್ಷಣಾಲಯಗಳಿಗೆ ಆ ಭಾಗದ ಆಕಾಶ ಏರುವುದೇ ಇಲ್ಲ. ಭೂಮಧ್ಯರೇಖೆಯಿಂದ 13 ಡಿಗ್ರಿಯಷ್ಟೇ ದೂರದ ಬೆಂಗಳೂರಿಗೆ ಅದು ದಕ್ಷಿಣ ದಿಗಂತದ ಮೇಲೆ ಚೆನ್ನಾಗಿಯೇ ಏರಿ ಬರುತ್ತದೆ. 1976ರಲ್ಲಿ ಅಲ್ಲಿ ವಿಚಿತ್ರ ಆಕಾರದ ಸಣ್ಣ ಮೋಡಗಳು ಪತ್ತೆಯಾದವು: ಉಂಡೆಯಾದ ದಟ್ಟ ತಲೆ, ಅದರ ಹಿಂದೆ ಉದ್ದ ಬಾಲ, ನೋಡಲು ಥೇಟ್ ಧೂಮಕೇತು. ಅವುಗಳಲ್ಲೊಂದನ್ನು ಹತ್ತಿರದಿಂದ ನೋಡಿದರೆ ಗಾತ್ರದ ಅಂದಾಜು ಸಿಗುತ್ತದೆ. ನಾಲ್ಕನೆಯ ಸಂಖ್ಯೆಯ ಮೋಡದ ತಲೆ ಒಂದೂವರೆ ಜ್ಯೋತಿರ್ವರ್ಷ ಅಗಲ, ಬಾಲ ಎಂಟು ಜ್ಯೋತಿರ್ವರ್ಷ ಉದ್ದ. ಇಂಥ ಸುಮಾರು ಮೂವತ್ತು ಮೋಡಗಳು. ಎಲ್ಲವುಗಳ ತಲೆಯೂ ಒಂದೇ ನಡುಜಾಗದ ಕಡೆಗೆ, ಬಾಲಗಳು ಅದರಿಂದ ಹೊರಕ್ಕೆ.

ರಾಮನ್ ಸಂಶೋಧನಾ ಸಂಸ್ಥೆಯ ಟಿ.ಕೆ. ಶ್ರೀಧರನ್ ಆಗ ಹೇಳಿದ 10.4 ಮೀಟರ್ ದೂರದರ್ಶಕವನ್ನು ಈ ಮೋಡಗಳ ಕಡೆ ತಿರುಗಿಸಿ, ಕಾರ್ಬನ್ ಮಾನಾಕ್ಸೈಡಿನ ರೇಖೆ ಎಷ್ಟು ಸರಿದಿದೆ ಎಂಬುದರಿಂದ ಒಂದೊಂದರ ವೇಗ ಅಳೆದರು. 1992ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು. ಇಡೀ ಗುಂಪು ಒಂದೇ ಕೇಂದ್ರದಿಂದ ಸೆಕೆಂಡಿಗೆ ಸುಮಾರು 12 ಕಿಲೋಮೀಟರ್ ವೇಗದಲ್ಲಿ ಹೊರಕ್ಕೆ ಹರಡುತ್ತಿದೆ, ಹರಡಲು ಆರಂಭಿಸಿ ಸುಮಾರು 60 ಲಕ್ಷ ವರ್ಷಗಳಾಗಿವೆ. ಅಂದರೆ ನಡುವಿನ ದೊಡ್ಡ ನಕ್ಷತ್ರಗಳ ಕಿರಣ, ಮಾರುತ, ಸ್ಫೋಟಗಳು ಒಂದು ಕಾಲದ ಮೋಡವನ್ನು ಒಡೆದು ಚೂರುಗಳನ್ನು ದೂರ ತಳ್ಳುತ್ತಿವೆ. ಆ ಚೂರುಗಳ ತಲೆಗಳಲ್ಲಿ ಹೊಸ ನಕ್ಷತ್ರಗಳಿವೆಯೇ? ಇವೆ, ಕೆಲವುಗಳಲ್ಲಿ. ಕಿರಣದ ಒತ್ತಡ ತಲೆಯನ್ನು ಹಿಂಡಿ ಹುಟ್ಟಿಗೆ ನೆರವಾಗಿದೆ ಎಂದು ನಂಬಲು ಆಧಾರವಿದೆ. ಆದ್ದರಿಂದ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. ಆದರೆ ಲೆಕ್ಕದ ಎರಡೂ ಬದಿ ನೋಡಬೇಕು. ಕೆಲವು ತಲೆಗಳು ಹಿಂಡಿಕೊಂಡು ನಕ್ಷತ್ರವಾದ ಅದೇ ಅವಧಿಯಲ್ಲಿ ಉಳಿದ ಮೋಡವೆಲ್ಲ ಬೋಳಾಯಿತು. ಪ್ರಚೋದನೆಯ ಕಥೆ ಹೇಳುವವರು ಉಳಿದ ತಲೆಗಳನ್ನು ತೋರಿಸುತ್ತಾರೆ, ಹೋದ ಮೋಡವನ್ನು ತೋರಿಸುವುದಿಲ್ಲ.

ಒಂದೇ ನೀಹಾರಿಕೆಯಿಂದ ತೀರ್ಮಾನಕ್ಕೆ ಬರಬಾರದು. ಇಡೀ ಗ್ಯಾಲಕ್ಸಿಯೊಂದರಲ್ಲಿ ಈ ಪರೀಕ್ಷೆ ಮಾಡಬೇಕು, ಅದಕ್ಕೆ ನೇರಳಾತೀತ ಬೆಳಕು ಬೇಕು. ಬಿಸಿಯಾದ ಎಳೆ ನಕ್ಷತ್ರಗಳು ಹೆಚ್ಚಾಗಿ ಬೆಳಗುವುದು ಆ ಬೆಳಕಿನಲ್ಲಿ; ಭೂಮಿಯ ಓಝೋನ್ ಅದನ್ನು ತಡೆಯುವುದರಿಂದ ಬಾಹ್ಯಾಕಾಶಕ್ಕೇ ಹೋಗಬೇಕು. 2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಇದಕ್ಕಾಗಿಯೇ ಯುವಿಟ್ ಎಂಬ ಅವಳಿ ದೂರದರ್ಶಕವಿದೆ. ಕನ್ನಡಿಯ ವ್ಯಾಸ ಬರೀ 38 ಸೆಂಟಿಮೀಟರ್. ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ಅದನ್ನು ಜೋಡಿಸಿದ್ದು ಹೊಸಕೋಟೆಯ ಕೇಂದ್ರದಲ್ಲಿರುವ ಎಂ.ಜಿ.ಕೆ. ಮೆನನ್ ಪ್ರಯೋಗಾಲಯದಲ್ಲಿ. ನೇರಳಾತೀತ ಕನ್ನಡಿಯ ಮೇಲೆ ಅಣುಗಾತ್ರದ ಜಿಡ್ಡಿನ ಪದರ ಕೂತರೂ ಅದರ ಹೊಳಪು ಹೋಗುತ್ತದೆ. ಆದ್ದರಿಂದ ಅತಿ ಶುಚಿಯಾದ ಕೋಣೆಗಳಲ್ಲಿ ಕೆಲಸ ನಡೆಯಿತು. ಕಕ್ಷೆ ಸೇರಿದ ಮೇಲೂ ಉಪಗ್ರಹದಿಂದ ಹೊಮ್ಮುವ ಆವಿಗಳೆಲ್ಲ ಚದುರಲೆಂದು ಎರಡು ತಿಂಗಳು ಮುಚ್ಚಳವನ್ನೇ ತೆರೆಯಲಿಲ್ಲ. ಆ ತಾಳ್ಮೆಗೆ ಫಲ ಸಿಕ್ಕಿತು. ಹಿಂದಿನ ನಾಸಾ ಉಪಗ್ರಹ ಗ್ಯಾಲೆಕ್ಸ್‌ಗಿಂತ ಸುಮಾರು ಮೂರು ಪಟ್ಟು ಸೂಕ್ಷ್ಮವಾದ ಚಿತ್ರಗಳು ಬಂದವು.

ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ, ಒಂದು ಕೋಟಿಗೂ ಹೆಚ್ಚು ಜ್ಯೋತಿರ್ವರ್ಷ ದೂರದಲ್ಲಿ ಐಸಿ 2574 ಎಂಬ ಕಿರಿಯ ಗ್ಯಾಲಕ್ಸಿಯಿದೆ. ಅದರ ಹೈಡ್ರೋಜನ್ ಅನಿಲದಲ್ಲಿ 48 ದೊಡ್ಡ ಪೊಳ್ಳುಗಳಿವೆ, ಹಳೆಯ ದೊಡ್ಡ ನಕ್ಷತ್ರಗಳ ಮಾರುತ ಮತ್ತು ಸ್ಫೋಟಗಳು ಅನಿಲವನ್ನು ತಳ್ಳಿ ಮಾಡಿದವು ಎಂದು ಭಾವಿಸಲಾದವು. ಸ್ಫೋಟವೇ ಹುಟ್ಟಿಗೆ ಕಾರಣವಾದರೆ ಎಳೆ ನಕ್ಷತ್ರಗಳು ಈ ಪೊಳ್ಳುಗಳ ಅಂಚಿನಲ್ಲಿ ಸಾಲುಗಟ್ಟಿರಬೇಕು. ಬೆಂಗಳೂರಿನ ಖಗೋಳ ಭೌತವಿಜ್ಞಾನ ಸಂಸ್ಥೆಯ ಚಯನ್ ಮಂಡಲ್, ಅನ್ನಪೂರ್ಣಿ ಸುಬ್ರಮಣ್ಯಂ ಮತ್ತು ಕೋಶಿ ಜಾರ್ಜ್ ಯುವಿಟ್ ಚಿತ್ರಗಳಲ್ಲಿ 419 ಎಳೆ ತಾಣಗಳನ್ನು ಗುರುತಿಸಿ 2019ರಲ್ಲಿ ಈ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. 48ರಲ್ಲಿ 30 ಪೊಳ್ಳುಗಳ ಅಂಚಿನಲ್ಲಿ ಹುಟ್ಟಿನ ಗುರುತುಗಳು ನಿಜಕ್ಕೂ ಇದ್ದವು. ಪ್ರಚೋದನೆ ಕಟ್ಟುಕಥೆಯಲ್ಲ ಎಂದಾಯಿತು. ಆದರೆ ಒಟ್ಟು ತಾಣಗಳನ್ನು ಎಣಿಸಿದಾಗ ಅಂಚುಗಳಲ್ಲಿ ಸಿಕ್ಕಿದ್ದು ಶೇಕಡ 29ರಷ್ಟು ಮಾತ್ರ. ಶೇಕಡ 59ರಷ್ಟು ಪೊಳ್ಳುಗಳಿಂದ ದೂರವೇ ಇದ್ದವು. ತಾಣಗಳ ಪೈಕಿ ಶೇಕಡ 82ರಷ್ಟಕ್ಕೆ ಸಾಮಾನ್ಯವಾಗಿ ಇದ್ದದ್ದು ಒಂದೇ ಲಕ್ಷಣ, ಅನಿಲದ ಹೆಚ್ಚಿನ ದಟ್ಟಣೆ. ಈ ಅಂಕಿಗಳನ್ನು ನಾನು ಓದುವುದು ಹೀಗೆ: ಸ್ಫೋಟ ಅನಿಲವನ್ನು ಅಲ್ಲಿಂದ ಇಲ್ಲಿಗೆ ಸರಿಸುತ್ತದೆ, ಕೆಲವು ಕಡೆ ಒತ್ತಾಗಿಸುತ್ತದೆ, ಹುಟ್ಟಿನ ಒಟ್ಟು ವೇಗವನ್ನು ತೀರ್ಮಾನಿಸುವುದು ಮಾತ್ರ ದಟ್ಟ ಅನಿಲ ಮತ್ತು ಅದನ್ನು ತಡೆಯುವ ಶಕ್ತಿಗಳ ನಡುವಿನ ಹಗ್ಗಜಗ್ಗಾಟವೇ.

ಇನ್ನು ಗ್ಯಾಲಕ್ಸಿಗಳ ಬಗ್ಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಅದೇ ಸಪ್ತರ್ಷಿ ದಿಕ್ಕಿನ ಎಂ82 ಗ್ಯಾಲಕ್ಸಿ ನಮ್ಮ ಆಕಾಶಗಂಗೆಗಿಂತ ಚಿಕ್ಕದಾದರೂ ಹಲವು ಪಟ್ಟು ವೇಗದಲ್ಲಿ ನಕ್ಷತ್ರಗಳನ್ನು ಹೆರುತ್ತಿದೆ. ನಿಧಾನದ ನಿಯಮ ಅಲ್ಲಿ ಮುರಿಯಲಿಲ್ಲವೇ ಎಂದು ಕೇಳಬಹುದು. ಆ ವೇಗದ ಬೆಲೆಯೂ ಅಲ್ಲೇ ಕಾಣುತ್ತದೆ. ಅದರ ನಡುವಿನಿಂದ ಮೇಲಕ್ಕೂ ಕೆಳಕ್ಕೂ ಸಾವಿರಾರು ಜ್ಯೋತಿರ್ವರ್ಷಗಳವರೆಗೆ ಅನಿಲದ ಬುಗ್ಗೆಗಳು ಚಿಮ್ಮುತ್ತಿವೆ. ಅಂಥ ಭರಾಟೆ ಹೆಚ್ಚು ಕಾಲ ನಡೆಯದು. ಇದಕ್ಕೆ ವ್ಯತಿರಿಕ್ತವಾಗಿ ಜೆಓ201 ಎಂಬ ಗ್ಯಾಲಕ್ಸಿ ಅನಿಲವನ್ನು ಹೊರಗಿನ ಶಕ್ತಿಗೆ ಕಳೆದುಕೊಳ್ಳುತ್ತಿದೆ. ಗ್ಯಾಲಕ್ಸಿಗಳ ಒಂದು ಗುಂಪಿನೊಳಕ್ಕೆ ಸೆಕೆಂಡಿಗೆ 3,000 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನುಗ್ಗುತ್ತಿರುವ ಅದರ ಅನಿಲವನ್ನು ಎದುರುಗಾಳಿ ಹಿಂದಕ್ಕೆ ಎಳೆದು ಬಾಲಗಳಾಗಿಸಿದೆ. ಕೋಶಿ ಜಾರ್ಜ್ ಮತ್ತು ಸಂಗಡಿಗರು 2018ರಲ್ಲಿ ಯುವಿಟ್‌ನಿಂದ ನೋಡಿದಾಗ ಗ್ಯಾಲಕ್ಸಿಯ ಹೊರಗೆ, ಆ ಬಾಲಗಳಲ್ಲೇ, ಎಳೆ ನಕ್ಷತ್ರಗಳ ಗಂಟುಗಳು ಸಿಕ್ಕವು. ತವರನ್ನು ಕಳೆದುಕೊಂಡ ಅನಿಲವೂ ದಟ್ಟವಾಗಿ ಉಳಿದಿದ್ದರೆ ನಕ್ಷತ್ರ ಕಟ್ಟಬಲ್ಲದು. ಇನ್ನೂ ಹಿಂದಿನ ಕಾಲಕ್ಕೆ ಹೋದರೆ, ಪುಣೆಯ ಐಯುಕಾ ಸಂಸ್ಥೆಯ ಕನಕ್ ಸಾಹಾ ನೇತೃತ್ವದ ತಂಡ 2020ರಲ್ಲಿ ಯುವಿಟ್‌ನಿಂದಲೇ 930 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯೊಂದರಿಂದ ಬರುವ ತೀವ್ರ ನೇರಳಾತೀತ ಕಿರಣವನ್ನು ಹಿಡಿಯಿತು. ವಿಶ್ವದಲ್ಲಿ ನಕ್ಷತ್ರಗಳ ಹುಟ್ಟು ಉತ್ತುಂಗದಲ್ಲಿದ್ದ ಕಾಲಕ್ಕೆ ಹತ್ತಿರದ ಬೆಳಕು ಅದು. ಇಂದು ಆ ಹುಟ್ಟಿನ ಪ್ರಮಾಣ ಆಗಿನ ಹತ್ತನೇ ಒಂದು ಭಾಗಕ್ಕೆ ಇಳಿದಿದೆ.

ಕೊನೆಯ ಆಕ್ಷೇಪ ನನ್ನ ಲೆಕ್ಕದ ಮೇಲೇ. ವರ್ಷಕ್ಕೆ ಎರಡು ಸೂರ್ಯರಂತೆ ಖರ್ಚಾದರೂ 100 ಕೋಟಿ ಸೂರ್ಯರಷ್ಟು ಅನಿಲ 50 ಕೋಟಿ ವರ್ಷಗಳಲ್ಲಿ ತೀರಬೇಕು; ಆಕಾಶಗಂಗೆಗೆ ವಯಸ್ಸು ಅದರ ಇಪ್ಪತ್ತು ಪಟ್ಟಿಗಿಂತ ಹೆಚ್ಚು. ಆದ್ದರಿಂದ ನಿಧಾನವೊಂದೇ ಸಾಲದು, ಮರುಪೂರಣವೂ ಬೇಕು ಎಂಬುದನ್ನು ಒಪ್ಪುತ್ತೇನೆ. ಸಿಡಿದ ನಕ್ಷತ್ರಗಳು ಹಿಂದಿರುಗಿಸುವ ಅನಿಲ, ಹೊರವಲಯದ ಹೈಡ್ರೋಜನ್ ದಾಸ್ತಾನು, ಗ್ಯಾಲಕ್ಸಿಯ ಹೊರಗಿನಿಂದ ಬಂದು ಸೇರುವ ಅನಿಲ ಈ ಕೆಲಸ ಮಾಡುತ್ತವೆ. ಆದರೆ ಖರ್ಚು ನೂರು ಪಟ್ಟು ವೇಗವಾಗಿದ್ದರೆ ಯಾವ ಮರುಪೂರಣವೂ ಅದಕ್ಕೆ ಸರಿಗಟ್ಟುತ್ತಿರಲಿಲ್ಲ. ನಮ್ಮ ಸೂರ್ಯ ಹುಟ್ಟಿದ್ದು 460 ಕೋಟಿ ವರ್ಷಗಳ ಹಿಂದೆ, ಅಂದರೆ ವಿಶ್ವಕ್ಕೆ 900 ಕೋಟಿ ವರ್ಷ ಮೀರಿದ ಮೇಲೆ. ಅಷ್ಟರಲ್ಲಿ ಹಲವು ಪೀಳಿಗೆಯ ನಕ್ಷತ್ರಗಳು ಬಾಳಿ ಸಿಡಿದು, ಕಾರ್ಬನ್, ಆಮ್ಲಜನಕ, ಕ್ಯಾಲ್ಸಿಯಂ, ಕಬ್ಬಿಣಗಳನ್ನು ಅನಿಲಕ್ಕೆ ಬೆರೆಸಿದ್ದವು. ಮೊದಲ ಪೀಳಿಗೆಯೇ ಅನಿಲವನ್ನೆಲ್ಲ ಬಳಸಿದ್ದರೆ ಕಲ್ಲಿನ ಗ್ರಹಗಳಿಗೆ ವಸ್ತುವೇ ಇರುತ್ತಿರಲಿಲ್ಲ.

ವಿದ್ಯಾರ್ಥಿಗಳಿಗೂ ಅವರ ಅಧ್ಯಾಪಕರಿಗೂ ಒಂದು ಕೋರಿಕೆ ಸಲ್ಲಿಸಿ ಮುಗಿಸುತ್ತೇನೆ. ಆಸ್ಟ್ರೋಸ್ಯಾಟ್ ಸಂಗ್ರಹಿಸಿದ ಮಾಹಿತಿ ಇದೇ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿರುವ ಇಸ್ರೋದ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರದಲ್ಲಿದೆ. 2018ರ ಸೆಪ್ಟೆಂಬರಿನಿಂದ ಅದು ಸಾರ್ವಜನಿಕರಿಗೆ ಮುಕ್ತ. ಹೆಸರು ನೋಂದಾಯಿಸಿಕೊಂಡ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಶುಲ್ಕವಿಲ್ಲ. ವಿಶ್ವೇಶ್ವರಪುರಂ ಮತ್ತು ಬಸವನಗುಡಿಯ ಕಾಲೇಜುಗಳ ಭೌತವಿಜ್ಞಾನ ವಿಭಾಗಗಳು ಈ ವರ್ಷ ಒಂದೊಂದು ಗ್ಯಾಲಕ್ಸಿಯನ್ನು ಆರಿಸಿಕೊಂಡು, ಅದರಲ್ಲಿ ನಕ್ಷತ್ರ ಹುಟ್ಟುತ್ತಿರುವ ತಾಣಗಳನ್ನು ವಿದ್ಯಾರ್ಥಿಗಳ ಕೈಯಿಂದಲೇ ಎಣಿಸಲಿ, ಕಂಡದ್ದನ್ನು ಕನ್ನಡದಲ್ಲಿ ಬರೆಯಿಸಲಿ.